ನಾಲ್ಕು ವರ್ಷದ ಮಳೆ ಮತ್ತು ಒಂದು ಹೊಸ ಬ್ರೌಸರ್

ಹಳೆಯ ಬ್ರೌಸರ್ ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ನನ್ನನ್ನು ಕೇಳಿದ್ದು ಅದನ್ನೇ. "ಚೆನ್ನಾಗೇ ಇತ್ತಲ್ಲ, ಯಾಕೆ ಬದಲಾಯಿಸೋಕೆ ಹೋದ್ರಿ?" ಅಂತ ಹೆಂಡತಿ ಕೇಳಿದಳು, ಸಕಲೇಶಪುರದ ಕಂಪ್ಯೂಟರ್ ರಿಪೇರಿಯವನು ಕೇಳಿದ. ಪಕ್ಕದ ತೋಟದ ಗೌಡರು ಬ್ರೌಸರ್ ಅಂದರೆ ಏನು ಅಂತ ಮೊದಲು ಕೇಳಿ, ಆಮೇಲೆ ಇದನ್ನೂ ಕೇಳಿದರು. ಕೇಳದೆ ಉಳಿದವನು ಅಪ್ಪ ಒಬ್ಬನೇ.

ನಮ್ಮದು ಪಾಳ್ಯ ಅನ್ನುವ ಊರಿನಿಂದ ಒಳಗೆ, ಗುಡ್ಡದ ಮಗ್ಗುಲಲ್ಲಿ ಹದಿನಾಲ್ಕು ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ದೊಡ್ಡ ಎಸ್ಟೇಟಿನವರು ನಮ್ಮನ್ನು ಪ್ಲಾಂಟರ್ ಅಂತ ಒಪ್ಪುವುದಿಲ್ಲ, ಬರೀ ಗದ್ದೆ ಇರುವವರು ನಮ್ಮನ್ನು ರೈತರು ಅಂತ ಒಪ್ಪುವುದಿಲ್ಲ. ಮನೆಯಲ್ಲಿ ಅಪ್ಪ, ನಾನು, ನನ್ನ ಹೆಂಡತಿ. ಕಂಪ್ಯೂಟರ್ ಇರುವುದು ಹಜಾರದ ಮೂಲೆಯಲ್ಲಿ, ಮೆಣಸಿನ ಚೀಲಗಳ ಪಕ್ಕ. ಹಳೇ ಮೆಷಿನ್ನು. ಅದರಲ್ಲಿ ಮೊದಲಿದ್ದ ಸಿಸ್ಟಮ್ಮು ಶುರುವಾಗುವಷ್ಟರಲ್ಲಿ ಗದ್ದೆವರೆಗೆ ಹೋಗಿ ನೀರು ತಿರುಗಿಸಿ ಬರಬಹುದಿತ್ತು. ಆರೇಳು ವರ್ಷದ ಹಿಂದೆ ನಾನೇ ಇಂಟರ್ನೆಟ್ಟಿನಲ್ಲಿ ಓದಿಕೊಂಡು ಅದಕ್ಕೆ ಹೊಸ ಡಿಸ್ಕ್ ಸಿಕ್ಕಿಸಿ, ಲಿನಕ್ಸ್ ಅನ್ನುವ ಬಿಟ್ಟಿ ಸಿಸ್ಟಮ್ಮು ಹಾಕಿದೆ. ಮೆಷಿನ್ನು ಓಡತೊಡಗಿತು, ನನಗೆ ಕೊಬ್ಬು ಬಂತು. ಕಪ್ಪು ಪರದೆಯಲ್ಲಿ ನಾಲ್ಕು ಕಮಾಂಡ್ ಹೊಡೆಯಲು ಬರುತ್ತದೆ ಅನ್ನುವುದು ಮನುಷ್ಯನನ್ನು ಎಷ್ಟು ಕೆಡಿಸುತ್ತದೆ ಅಂತ ಹೊಡೆದವರಿಗೇ ಗೊತ್ತು. ನಮ್ಮ ಕಡೆ ಬೆಳೆಗಾರರ ಫೋನ್ ಗ್ರೂಪಿನಲ್ಲಿ ಯಾರದ್ದಾದರೂ ಫೋಟೋ ಅಳಿಸಿಹೋಯಿತು ಅಂದರೆ ಸಾಕು, ಬ್ಯಾಕಪ್ ಇಟ್ಟುಕೊಳ್ಳುವುದರ ಬಗ್ಗೆ ನಾನು ದೊಡ್ಡ ಭಾಷಣ ಬರೆದು ಹಾಕುತ್ತಿದ್ದೆ. ಆ ಭಾಷಣಗಳು ಈಗಲೂ ಗ್ರೂಪಿನಲ್ಲಿ ಇವೆ.

ಇನ್ನು ಮಳೆಯ ವಿಚಾರ. ಕಾಫಿ ಇರುವವರ ಮನೆಯಂಗಳದಲ್ಲಿ ತುಳಸಿಕಟ್ಟೆ ಇಲ್ಲದಿದ್ದರೂ ಮಳೆ ಅಳೆಯುವ ಗೇಜ್ ಒಂದು ಇರುತ್ತದೆ. ತಗಡಿನ ಕೊಳವೆ, ಮೇಲೆ ಆಲಿಕೆ, ಒಳಗೆ ಬಾಟಲಿ. ಬೆಳಿಗ್ಗೆ ಎಂಟಕ್ಕೆ ಆ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿಗೆ ಹುಯ್ದು ನೋಡಬೇಕು. ಇಂಚು, ಇಂಚಿನಲ್ಲಿ ನೂರರ ಒಂದು ಪಾಲು ಅಂದರೆ ಒಂದು ಸೆಂಟು. ಊರೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ನಮ್ಮಲ್ಲಿ ಮಳೆ ಇನ್ನೂ ಸೆಂಟಿನಲ್ಲೇ ಬೀಳುತ್ತದೆ. ಅಪ್ಪ ಮದುವೆಯಾದ ವರ್ಷದಿಂದ ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಇದನ್ನು ಬರೆಯುತ್ತಾ ಬಂದವನು. ವರ್ಷಕ್ಕೆ ಒಂದು ಪುಟ. ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಮೂವತ್ತೊಂದು ದಿನ, ದಿನಕ್ಕೊಂದು ಚೌಕ. ಅವ್ವ ತೀರಿಕೊಂಡ ದಿನದ ಚೌಕದಲ್ಲೂ ಹನ್ನೆರಡು ಸೆಂಟು ಅಂತ ಇದೆ. ಅವತ್ತು ಅಪ್ಪ ಹೆಣ ಎತ್ತುವ ಮೊದಲು ಹೋಗಿ ಗೇಜ್ ನೋಡಿ ಬಂದಿದ್ದನ್ನು ನಾನೇ ಕಂಡಿದ್ದೇನೆ. ಆಗ ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಆದರೆ ಬಾಯಲ್ಲಿ ಅಪ್ಪ ಮಳೆಯ ಬಗ್ಗೆ ನಿಜ ಹೇಳಿದವನೇ ಅಲ್ಲ. ನಮ್ಮ ಕಡೆ ಯಾರೂ ಹೇಳುವುದಿಲ್ಲ. ಮಾರ್ಚಿನಲ್ಲಿ ಕಾಫಿ ಅರಳಿಸುವ ಹೂ ಮಳೆ ಬಂದಾಗ ಎಂಬತ್ತು ಸೆಂಟು ಬಿದ್ದಿದ್ದರೆ ಐವತ್ತು ಅನ್ನಬೇಕು, ಇಲ್ಲದಿದ್ದರೆ ಕಣ್ಣು ಬೀಳುತ್ತದೆ. ಜುಲೈಯಲ್ಲಿ ನಾಲ್ಕು ಇಂಚು ಬಿದ್ದರೆ ಆರು ಅನ್ನಬೇಕು, ಕಾಯಿ ಉದುರಿತು ಅಂತ ಕೂಗಾಡಲು ಅದು ಬೇಕು. ಪಕ್ಕದ ತೋಟದ ಗೌಡರಿಗೂ ಅಪ್ಪನಿಗೂ ನಲವತ್ತು ವರ್ಷದಿಂದ ಪ್ರತಿದಿನ ಬೆಳಿಗ್ಗೆ ಈ ಮಾತು ನಡೆದಿದೆ. ಮೊದಲು ಬೇಲಿ ಹತ್ತಿರ ನಿಂತು, ಆಮೇಲೆ ಲ್ಯಾಂಡ್‌ಲೈನಿನಲ್ಲಿ, ಈಗ ಮೊಬೈಲಿನಲ್ಲಿ. ಇಬ್ಬರೂ ಸುಳ್ಳು ಹೇಳುತ್ತಾರೆ, ಇಬ್ಬರಿಗೂ ಅದು ಗೊತ್ತು, ಫೋನ್ ಇಟ್ಟ ಮೇಲೆ ಇಬ್ಬರೂ ಮನಸ್ಸಿನಲ್ಲೇ ಅಷ್ಟಿಷ್ಟು ಸೇರಿಸಿಯೋ ಕಳೆದೋ ಲೆಕ್ಕ ಸರಿಮಾಡಿಕೊಳ್ಳುತ್ತಾರೆ. "ಬಾಯಿ ಇರೋದು ಊರೋರಿಗೆ ಕಣೋ, ಪುಸ್ತಕ ಇರೋದು ನಮಗೆ" ಅನ್ನುತ್ತಿದ್ದ ಅಪ್ಪ. ಪುಸ್ತಕದಲ್ಲಿ ಒಂದು ಸೆಂಟೂ ಹೆಚ್ಚುಕಮ್ಮಿ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂತು. ಅಕ್ಷರ ಚೌಕ ದಾಟಿ ಪಕ್ಕದ ದಿನಕ್ಕೆ ಹೋಗತೊಡಗಿತು. ಆಪರೇಷನ್ನಿಗೆ ಹೋಗೋಣ ಅಂದರೆ ಪೊರೆ ಹಣ್ಣಾಗಲಿ, ಮಳೆಗಾಲ ಮುಗೀಲಿ, ಕಾಫಿ ಕೊಯ್ಲು ಮುಗೀಲಿ ಅಂತ ಒಂದೊಂದು ನೆಪ. ಹೊಸ ವರ್ಷದ ಮೊದಲ ದಿನ ಪುಸ್ತಕವನ್ನು ನನ್ನ ಕೈಗೆ ಕೊಟ್ಟು "ಇನ್ಮೇಲೆ ನೀನ್ ಬರಿ" ಅಂದ. ನಾನು ಒಂದು ವಾರ ಬಾಲ್‌ಪೆನ್ನಿನಲ್ಲಿ ನೀಟಾಗಿ ಬರೆದೆ. ಎಂಟನೇ ದಿನ ನನಗೆ ತಲೆ ಓಡಿತು.

ಬ್ರೌಸರಿನಲ್ಲಿ ಹೊಸ ಟ್ಯಾಬ್ ತೆರೆದರೆ ಬಿಳೀ ಹಾಳೆಯೊಂದು ಬರುವಂಥ, ಬ್ರೌಸರಿಗೆ ಸಿಕ್ಕಿಸುವ ಒಂದು ಸಣ್ಣ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದೆ. ಅದರಲ್ಲಿ ಏನು ಟೈಪ್ ಮಾಡಿದರೂ ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆ ಹವಾಮಾನ, ಕಾಫಿ ರೇಟು ನೋಡಲು ಹೇಗೂ ಬ್ರೌಸರ್ ತೆರೆಯುತ್ತೇನೆ, ಅಲ್ಲೇ ಮಳೆ ಬರೆದರೆ ಆಯಿತಲ್ಲ, ಪುಸ್ತಕ ಹುಡುಕು, ಪೆನ್ನು ಹುಡುಕು, ಈ ಗೋಳು ಯಾಕೆ? ಬರೆದೆ. ದಿನಾ ಬರೆದೆ. ಗೇಜ್ ನೋಡುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಅದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಅಪ್ಪ ಕಾಫಿ ಕುಡಿಯುತ್ತಾ ಜಗಲಿಯಿಂದ ಕೇಳುತ್ತಿದ್ದ, "ಎಷ್ಟೋ?" ನಾನು ಹೇಳುತ್ತಿದ್ದೆ. "ಬರ್ದ್ಯಾ?" "ಬರ್ದೆ ಕಣಪ್ಪ." ಅದು ಸುಳ್ಳಲ್ಲ. ಎಲ್ಲಿ ಬರೆದೆ ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆ ನಾಲ್ಕು ವರ್ಷ.

ಈ ಜನವರಿಯಲ್ಲಿ ಅಪ್ಪ ಮಜ್ಜಿಗೆ ಅಂದುಕೊಂಡು ಬಟ್ಟೆಗೆ ಗಂಜಿ ಹಾಕುವ ಪಾತ್ರೆಯ ನೀರು ಕುಡಿದ. ಹೆಂಡತಿ ನನಗೂ ಅವನಿಗೂ ಸೇರಿಸಿ ಬೈದಳು. ಹಾಸನಕ್ಕೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆವು. ಡಾಕ್ಟರು ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಿ, ಒಂದೂವರೆ ತಿಂಗಳು ಬಿಟ್ಟು ಬನ್ನಿ, ಓದುವ ಕನ್ನಡಕ ಕೊಡುತ್ತೇನೆ ಅಂದರು. ವಾಪಸ್ಸು ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಅಪ್ಪ ಅಂದ, "ಕನ್ನಡಕ ಬಂದ್ ಕೂಡ್ಲೆ ಮೊದ್ಲು ಮಳೆ ಪುಸ್ತಕ ನೋಡ್ಬೇಕು ಕಣೋ. ನಾಲ್ಕ್ ವರ್ಷ ಆಯ್ತು ಅದರ ಮುಖ ನೋಡಿ."

ಪುಸ್ತಕದಲ್ಲಿ ನನ್ನ ಏಳು ದಿನ ಬಿಟ್ಟರೆ ಏನೂ ಇರಲಿಲ್ಲ. ಆದರೂ ಹೆದರುವಂಥದ್ದೇನಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಎಲ್ಲಾ ಕಂಪ್ಯೂಟರಿನಲ್ಲಿ ಇದೆ. ನಾಲ್ಕು ಪುಟ. ಒಂದೂವರೆ ತಿಂಗಳು. ನಾಲ್ಕು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ.

ಮಾರನೇ ದಿನ ಮಧ್ಯಾಹ್ನ ಕೂತೆ. ಪುಸ್ತಕ ಎಡಕ್ಕೆ, ಪೆನ್ನು ಬಲಕ್ಕೆ. ಬ್ರೌಸರ್ ತೆರೆದೆ. ಅದು ತೆರೆದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಯಾವಾಗಲೂ ಅಷ್ಟು ಹೊತ್ತು ಹಿಡಿಯುತ್ತಿತ್ತು, ಅವತ್ತು ಮಾತ್ರ ನನಗೆ ಅದು ತಡೆಯಲಾಗದಷ್ಟು ನಿಧಾನ ಅನ್ನಿಸಿತು. ಈ ಮೆಷಿನ್ನಿಗೆ ಹಗುರವಾದ ಬ್ರೌಸರ್ ಒಂದು ಬೇಕು, ಅದನ್ನು ಹಾಕಿಕೊಂಡು ಆಮೇಲೆ ಆರಾಮಾಗಿ ಬರೆದರಾಯಿತು ಅಂದುಕೊಂಡೆ. ನಾಲ್ಕು ಪುಟ ಕೈಯಲ್ಲಿ ಬರೆಯುವ ಬೇಜಾರಿಗೆ ಮನುಷ್ಯ ಏನೇನು ಮಾಡುತ್ತಾನೆ ನೋಡಿ.

ಹೊಸ ಬ್ರೌಸರ್ ಬಗ್ಗೆ ಒಂದು ಕಡೆ ಓದಿದ್ದೆ. ಜಾಹೀರಾತು ತಾನೇ ತಡೆಯುತ್ತದೆ, ಮೆಮೊರಿ ತಿನ್ನುವುದಿಲ್ಲ, ಟ್ಯಾಬುಗಳನ್ನು ಮೇಲೆ ಇಡದೆ ಪಕ್ಕದಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಇಳಿಸಿಕೊಂಡೆ. ನಮ್ಮ ನೆಟ್ಟು ಕುಂದೂರು ಕಡೆಯ ಟವರಿನಿಂದ ಬರುತ್ತದೆ, ಗಾಳಿ ಬಂದ ದಿಕ್ಕಿಗೆ ಹೋಗುತ್ತದೆ. ಅಂತೂ ಇಳಿಯಿತು. ತೆರೆದ ಕೂಡಲೇ ಕೀರಿಂಗ್ ಪಾಸ್‌ವರ್ಡ್ ಕೊಡಿ ಅಂದಿತು. ಪಾಸ್ವರ್ಡುಗಳನ್ನು ಬೀಗ ಹಾಕಿಡುವ ಪೆಟ್ಟಿಗೆ ಅದು, ಲಿನಕ್ಸಿನಲ್ಲಿ ಇದೊಂದು ಕಾಟ. ಕೀರಿಂಗ್ ಯಾರದು, ಬೀಗ ಯಾರು ಹಾಕಿದ್ದು, ಒಂದೂ ಗೊತ್ತಿಲ್ಲದೆ ನಮ್ಮ ಮನೆ ಬಾಗಿಲಲ್ಲಿ ನಾವೇ ನಿಂತು ಪಾಸ್‌ವರ್ಡ್ ಹೇಳಬೇಕು. ಮೂರು ಸಲ ಹೇಳಿದೆ, ಮೂರು ಸಲವೂ ತಪ್ಪು ಅಂದಿತು. ನಾಲ್ಕನೇ ಸಲ ಬೇಡ ಹೋಗು ಅಂತ ಕ್ಯಾನ್ಸಲ್ ಒತ್ತಿದೆ, ಒಳಗೆ ಬಿಟ್ಟಿತು.

ಕನ್ನಡದ ಅಕ್ಷರ ಮೊದಲು ಇರುವೆ ಸಾಲಿನ ಥರ ಸಣ್ಣಗೆ ಬಂತು. ಫಾಂಟ್ ಬದಲಿಸಿದೆ, ದಪ್ಪಗೆ ಚೆನ್ನಾಗಿ ಬಂತು. ಹವಾಮಾನದ ಪುಟ ಮೊದಲಿಗಿಂತ ಬೇಗ ತೆರೆಯಿತು. ಪಹಣಿ ನೋಡುವ ಪುಟ ತೆರೆಯಲಿಲ್ಲ, ಆದರೆ ಅದು ಹಳೆಯದರಲ್ಲೂ ತೆರೆಯುತ್ತಿರಲಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಕ್ಕದ ಟ್ಯಾಬುಗಳು ಎರಡು ದಿನ ಕಣ್ಣಿಗೆ ಚುಚ್ಚಿದವು, ಮೂರನೇ ದಿನ ಅವು ಅಲ್ಲೇ ಇರಬೇಕಾದ್ದು ಅನ್ನಿಸಿತು. ಬಣ್ಣ ಕಪ್ಪು ಮಾಡಿದೆ, ಹಸಿರು ಮಾಡಿದೆ, ಮತ್ತೆ ಕಪ್ಪು ಮಾಡಿದೆ. ಹೆಂಡತಿ ಹಿಂದಿನಿಂದ ಬಂದು, "ಬರೆಯೋಕೆ ಕೂತೋರು ಅಲ್ವಾ ನೀವು?" ಅಂದಳು. ಅವಳಿಗೊಬ್ಬಳಿಗೆ ಪುಸ್ತಕ ಖಾಲಿ ಇರುವ ವಿಷಯ ಗೊತ್ತಿತ್ತು. "ಸಾಮಾನು ರೆಡಿ ಮಾಡ್ಕೊತಿದೀನಿ ಕಣೇ" ಅಂದೆ.

ಮೂರನೇ ದಿನ ಹೊಸ ಬ್ರೌಸರ್ ತಾನಾಗಿಯೇ ಕೇಳಿತು, ಹಳೆಯದರಿಂದ ಎಲ್ಲಾ ತಂದುಕೊಳ್ಳಲಾ ಅಂತ. ಬುಕ್‌ಮಾರ್ಕು, ಹಿಸ್ಟರಿ, ಪಾಸ್‌ವರ್ಡು, ಎಕ್ಸ್‌ಟೆನ್ಶನ್ನು. ನಾಲ್ಕಕ್ಕೂ ಟಿಕ್ ಇತ್ತು. ಹೂಂ ಅಂದೆ. ಹಸಿರು ಗೆರೆ ಓಡಿ, ಎಲ್ಲಾ ಬಂತು ಅಂದಿತು. ಬುಕ್‌ಮಾರ್ಕ್ ನೋಡಿದೆ, ಬಂದಿತ್ತು. ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಆ ಬಿಳೀ ಹಾಳೆಯದ್ದೂ ಕೂತಿತ್ತು. ತೆರೆದು ನೋಡಲಿಲ್ಲ. ಯಾಕೆ ನೋಡಲಿಲ್ಲ ಅಂತ ಈಗಲೂ ನನ್ನನ್ನು ನಾನೇ ಕೆನ್ನೆಗೆ ಹೊಡೆದುಕೊಂಡು ಕೇಳುತ್ತೇನೆ.

ಒಂದು ಕೆಲಸಕ್ಕೆ ಎರಡು ಸಾಮಾನು ಇಟ್ಟುಕೊಳ್ಳುವುದು ನನಗೆ ಆಗುವುದಿಲ್ಲ. ಹಳೆಯ ಬ್ರೌಸರ್ ಸುಮ್ಮನೆ ಜಾಗ ತಿನ್ನುತ್ತಾ ಬಿದ್ದಿರುವುದು ಯಾಕೆ? ಕಪ್ಪು ಪರದೆ ತೆರೆದೆ, ಬುಡಸಮೇತ ತೆಗೆಯುವ ಕಮಾಂಡ್ ಹೊಡೆದೆ. ನಿಜವಾಗಿ ತೆಗೆಯಲಾ ಅಂತ ಕೇಳಿತು. ತೆಗಿ ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ, ಯಾಕೆಂದರೆ ಆ ಕಮಾಂಡ್ ಬಳಸುವವನ ಸ್ವಂತ ಫೋಲ್ಡರ್ ಮುಟ್ಟುವುದಿಲ್ಲ. ನನಗೆ ಇದು ಗೊತ್ತಿತ್ತು. ಗೊತ್ತಿದ್ದಕ್ಕೇ ಕೆಟ್ಟೆ. ಮರೆಯಲ್ಲಿ ಉಳಿದಿದ್ದ ಆ ಫೋಲ್ಡರನ್ನು ಹುಡುಕಿ, ಅದನ್ನೂ ಕೈಯಾರೆ ಅಳಿಸಿದೆ. ಡಿಸ್ಕಿನಲ್ಲಿ ಎಷ್ಟೊಂದು ಜಾಗ ಖಾಲಿಯಾಯಿತು ಅಂತ ನೋಡಿ ಖುಷಿಪಟ್ಟು, ಒಂದು ಲೋಟ ಕಾಫಿ ಮಾಡಿಸಿಕೊಂಡು ಕುಡಿದೆ.

ಆಮೇಲೆ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಹೊಸ ಟ್ಯಾಬ್ ಒತ್ತಿದೆ. ಬಿಳೀ ಹಾಳೆ ಬಂತು. ಪೂರ್ತಿ ಬಿಳಿ. ಮೇಲೆ ಸಣ್ಣಗೆ, ಇಲ್ಲಿ ಬರೆಯಲು ಶುರು ಮಾಡಿ ಅಂತ ಇತ್ತು.

ಹಳೆಯದರಿಂದ ತಂದುಕೊಂಡಾಗ ಬಂದಿದ್ದು ಎಕ್ಸ್‌ಟೆನ್ಶನ್ ಮಾತ್ರ, ಅದರೊಳಗೆ ಬರೆದದ್ದಲ್ಲ. ಪಾತ್ರೆ ಬಂದಿತ್ತು, ಅನ್ನ ಬಂದಿರಲಿಲ್ಲ. ಅನ್ನವನ್ನು ನಾನೇ ಚೆಲ್ಲಿ ಪಾತ್ರೆ ತೊಳೆದು ಕಾಫಿ ಕುಡಿದಿದ್ದೆ. ಅಯ್ಯೋ ಶಿವನೇ ಅಂತ ಬಾಯಿಬಿಟ್ಟು ಕೂಗಿದೆ. ಜಗಲಿಯಿಂದ ಅಪ್ಪ "ಏನಾಯ್ತೋ?" ಅಂದ. "ಏನಿಲ್ಲ ಕಣಪ್ಪ, ಕರೆಂಟ್ ಹೋಯ್ತು" ಅಂದೆ. ಫ್ಯಾನು ತಿರುಗುತ್ತಲೇ ಇತ್ತು.

ಮಾರನೇ ದಿನ ಡಿಸ್ಕ್ ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಸಕಲೇಶಪುರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿಯವನು ಒಬ್ಬ ಇದ್ದಾನೆ, ನನಗಿಂತ ವಯಸ್ಸಿನಲ್ಲಿ ಸ್ವಲ್ಪ ದೊಡ್ಡವನು, ಮಾತು ಕಮ್ಮಿ. ಡಿಸ್ಕ್ ಸಿಕ್ಕಿಸಿ ನೋಡಿದ.

"ಏನಿತ್ತು ಇದ್ರಲ್ಲಿ?"

"ಮಳೆ."

"ಮಳೆ ಫೋಟೋನಾ?"

"ಅಲ್ಲ ಕಣ್ರೀ. ಮಳೆ. ನಾಲ್ಕು ವರ್ಷದ್ದು."

ಅವನು ನನ್ನನ್ನು ಒಂದು ಸಲ, ಟವೆಲ್ಲನ್ನು ಒಂದು ಸಲ ನೋಡಿದ. "ಇದು ಎಸ್‌ಎಸ್‌ಡಿ ಸಾರ್. ಹಳೇ ಡಿಸ್ಕ್ ಆಗಿದ್ರೆ ಕೆದಕಿ ತೆಗೀಬೋದಿತ್ತು. ಇದ್ರಲ್ಲಿ ಅಳ್ಸಿದ್ರೆ ಅಳ್ಸೋಯ್ತು." ಮಧ್ಯಾಹ್ನದವರೆಗೆ ಏನೇನೋ ಓಡಿಸಿದ. ಗೌಡರ ಮಗಳ ಮದುವೆಯ ಮೂರು ಫೋಟೋ ಸಿಕ್ಕವು. ಮಳೆ ಸಿಗಲಿಲ್ಲ. "ಬ್ಯಾಕಪ್ ಇಟ್ಕೋಬೇಕಿತ್ತು ಸಾರ್" ಅಂದ. ಆ ಮಾತಿಗೆ ನಾನು ತಲೆಯಾಡಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ಬಂದೆ.

ಬಸ್ಸಿನಲ್ಲಿ ಹೊಳೆಯಿತು. ಬ್ಯಾಕಪ್ ಇದೆ! ದಿನಾ ಬೆಳಿಗ್ಗೆ ಫೋನ್ ಗ್ರೂಪಿನಲ್ಲಿ ಎಲ್ಲರೂ ತಮ್ಮ ತಮ್ಮ ಮಳೆ ಹಾಕುತ್ತೇವೆ. ನಾಲ್ಕು ವರ್ಷವೂ ನಾನು ಹಾಕಿದ್ದೇನೆ. ಸೀಟಿನಲ್ಲೇ ಕೂತು ಹಿಂದಕ್ಕೆ ಎಳೆದು ನೋಡಿದೆ. ಎಲ್ಲಾ ಇತ್ತು. ಏಪ್ರಿಲ್, 'ನಮ್ಮಲ್ಲಿ ಬರೀ 30 ಸೆಂಟ್'. ಜುಲೈ, 'ನಮ್ಮಲ್ಲಿ 7 ಇಂಚು, ಮುಗೀತು ಕಥೆ'. ಒಂದೂ ನಿಜವಲ್ಲ. ಅಪ್ಪ ಕಲಿಸಿದಂತೆ ನಾಲ್ಕು ವರ್ಷವೂ ಹೂ ಮಳೆಗೆ ಕಡಿಮೆ ಮಾಡಿ, ಮಳೆಗಾಲಕ್ಕೆ ಜಾಸ್ತಿ ಮಾಡಿ ಹಾಕಿದ್ದೆ. ಎಷ್ಟು ಕಡಿಮೆ, ಎಷ್ಟು ಜಾಸ್ತಿ ಅನ್ನುವುದಕ್ಕೆ ಒಂದು ನಿಯಮವೂ ಇರಲಿಲ್ಲ, ಆಯಾ ದಿನದ ಮನಸ್ಸು ಹೇಗಿತ್ತೋ ಹಾಗೆ. ಸುಳ್ಳು ಹೇಳುವಾಗಲಾದರೂ ಒಂದು ಶಿಸ್ತು ಇಟ್ಟುಕೊಳ್ಳಬಾರದಿತ್ತೇನಯ್ಯಾ ಅಂತ ನನ್ನನ್ನು ನಾನೇ ಬೈದುಕೊಂಡೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಮಾವನಿಗೆ ಹೇಳ್ಬಿಡಿ" ಅಂದಳು. "ಹೇಳ್ತೀನಿ, ಹೇಳ್ತೀನಿ" ಅಂದೆ. ಹೇಳಲಿಲ್ಲ. ಅದರ ಬದಲು ಅಪ್ಪ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದ ಮಧ್ಯಾಹ್ನ, ಪುಸ್ತಕದ ಮೊದಲ ಖಾಲಿ ಪುಟ ತೆಗೆದು, ಪೆನ್ಸಿಲ್ಲಿನಲ್ಲಿ ಜೂನ್ ತಿಂಗಳು ಬರೆಯತೊಡಗಿದೆ. ಗ್ರೂಪಿನಲ್ಲಿ ಒಂದು ಇಂಚು ಇದ್ದರೆ ಎಪ್ಪತ್ತು ಸೆಂಟು ಮಾಡಿದೆ. ಎಲ್ಲಾ ಕಡೆ ಸೊನ್ನೆಯಲ್ಲೇ ಮುಗಿಯುವ ಅಂಕಿ ಬಂದರೆ ಅನುಮಾನ ಬರುತ್ತದೆ ಅಂತ ಕೆಲವು ಎಪ್ಪತ್ಮೂರು, ಅರವತ್ತೆಂಟು ಹಾಕಿದೆ. ಜೂನ್ ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ನನ್ನ ಕೆಲಸ ನನಗೇ ಚೆನ್ನಾಗಿ ಕಾಣತೊಡಗಿತ್ತು.

ಹೆಂಡತಿ ಬಂದು ನಿಂತು ನೋಡಿದಳು. "ಇದೇನ್ರೀ, ಮಳೇನೂ ಖೋಟಾ ಮಾಡ್ತಿದೀರಾ? ಅವರು ಅತ್ತೆ ಹೋದ ದಿನಾನೂ ಸುಳ್ಳು ಬರೀಲಿಲ್ಲ."

"ಹಂಗಾದ್ರೆ ನೀನೇ ಹೋಗಿ ಹೇಳು!" ಅಂದೆ. "ನಾನ್ಯಾಕ್ ಹೇಳ್ಲಿ, ಅಳ್ಸಿದ್ದು ನಾನಾ?" ಅಂತ ಒಳಗೆ ಹೋದಳು. ಅವತ್ತು ಸಾರಿಗೆ ಉಪ್ಪು ಇರಲಿಲ್ಲ, ನಾನು ಕೇಳಲೂ ಇಲ್ಲ. ಜೂನ್ ಪೂರ್ತಿ ರಬ್ಬರಿನಿಂದ ಉಜ್ಜಿದೆ.

ಅಷ್ಟರಲ್ಲಿ ಶಿವರಾತ್ರಿ ಕಳೆದು ಸೆಕೆ ಏರಿತು. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿತ್ತು. ಈಗ ಒಂದು ಮಳೆ ಬಿದ್ದರೆ ಹೂವು, ಇಲ್ಲದಿದ್ದರೆ ರೋಬಸ್ಟಾ ತಳಿ ಇರುವವರು ಹಳ್ಳದಿಂದ ಮೋಟಾರಿನಲ್ಲಿ ನೀರೆತ್ತಿ ಸ್ಪ್ರಿಂಕ್ಲರ್ ಹೊಡೆಯಬೇಕು. ಪಕ್ಕದ ತೋಟದ ಗೌಡರು ಶುರು ಮಾಡಿದ್ದರು. ಹಗಲೆಲ್ಲಾ ಹಳ್ಳದ ಕಡೆಯಿಂದ ಮೋಟಾರಿನ ಸದ್ದು ಕೇಳುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ಜಗಲಿಯಿಂದ ಕರೆದ.

"ಮೂರು ವರ್ಷದ ಹಿಂದೆ ಹಿಂಗೇ ಸೆಕೆ ಇತ್ತಲ್ಲೇನೋ? ಆ ವರ್ಷ ಹೂ ಮಳೆ ಯಾವಾಗ್ ಬಂತು, ನೋಡಿ ಹೇಳು."

ಹೇಳಿಬಿಡಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ನಾನು ಒಳಗೆ ಹೋಗಿ, ಖಾಲಿ ಪುಟವನ್ನು ಸದ್ದಾಗುವ ಹಾಗೆ ಮಗುಚಿ, ಹೊರಗೆ ಬಂದು ಹೇಳಿದೆ, "ಶಿವರಾತ್ರಿ ಆಗಿ ಎಂಟು ದಿನಕ್ಕೆ ಕಣಪ್ಪ. ಎಂಬತ್ತಾರು ಸೆಂಟು."

"ನೋಡ್ದ್ಯಾ!" ಅಂದ ಅಪ್ಪ. ಮುಖ ಅರಳಿತು. "ಹಂಗಾದ್ರೆ ಈ ಸಲಾನೂ ಬತ್ತದೆ." ಫೋನ್ ತೆಗೆದು ಗೌಡರಿಗೆ ಮಾಡಿಯೇಬಿಟ್ಟ. "ಗೌಡ್ರೇ, ಸುಮ್ನೆ ಡೀಸೆಲ್ ಸುಡಬೇಡಿ. ನಾಲ್ಕೈದು ದಿನ ತಡ್ಕಳಿ, ಮಳೆ ಐತೆ. ಅಂದಾಜಲ್ಲ ಕಣ್ರೀ, ಪುಸ್ತಕದಲ್ಲಿ ಐತೆ."

ನಲವತ್ತು ವರ್ಷದಲ್ಲಿ ಅಪ್ಪ ಗೌಡರಿಗೆ ಮಳೆಯ ಬಗ್ಗೆ ನಿಜ ಹೇಳುತ್ತಿದ್ದೇನೆ ಅಂತ ಅಂದುಕೊಂಡು ಹೇಳಿದ ಮಾತು ಬಹುಶಃ ಅದೊಂದೇ. ಗೌಡರು ನಂಬಿದರು. ಹತ್ತು ನಿಮಿಷಕ್ಕೆ ಹಳ್ಳದ ಕಡೆ ಮೋಟಾರ್ ನಿಂತಿತು. ಅವರ ಅರ್ಧ ತೋಟಕ್ಕೆ ನೀರಾಗಿತ್ತು, ಇನ್ನರ್ಧದ ಮೊಗ್ಗು ಒಣಗಲು ನಾಲ್ಕೈದು ದಿನ ಸಾಕಾಗಿತ್ತು. ಎಲ್ಲಾ ಕಡೆ ನಿಶ್ಶಬ್ದ. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನದ ಊಟದ ತಟ್ಟೆ ಮುಂದೆ ಇಟ್ಟುಕೊಂಡು, ತುತ್ತು ಎತ್ತದೆ, ಎಲ್ಲಾ ಹೇಳಿದೆ. ಬ್ರೌಸರ್ ಅಂದರೆ ಏನು, ಟ್ಯಾಬ್ ಅಂದರೆ ಏನು, ಎಲ್ಲಿ ಬರೆದಿದ್ದೆ, ಯಾಕೆ ಅಳಿಸಿದೆ, ಎಂಬತ್ತಾರು ಸೆಂಟು ಎಲ್ಲಿಂದ ಬಂತು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕೇಳಿದ. ಎದುರಿಗಿರುವವನ ಕಣ್ಣು ನಮಗೆ ಕಾಣದಿದ್ದರೆ ಅವನ ಸಿಟ್ಟು ಎಷ್ಟಿದೆ ಅಂತ ತಿಳಿಯುವುದಿಲ್ಲ.

"ಪುಸ್ತಕದಲ್ಲಿ ಏನೂ ಇಲ್ವಾ?"

"ಮೊದಲ ಏಳು ದಿನ ಐತೆ."

ಅಪ್ಪ ಮಜ್ಜಿಗೆ ಕಲಸಿಕೊಂಡು ಊಟ ಮುಗಿಸಿದ. ಕೈ ತೊಳೆದು ಬಂದು, ಫೋನ್ ನನ್ನ ಕಡೆ ಚಾಚಿದ. "ಗೌಡ್ರಿಗೆ ನೀನೇ ಹೇಳು."

ಹೇಳಿದೆ. ಗೌಡರು ಬ್ರೌಸರ್ ಅಂದರೆ ಏನು ಅಂದರು. ವಿವರಿಸಿದೆ. ಚೆನ್ನಾಗೇ ಇತ್ತಲ್ಲ, ಯಾಕೆ ಬದಲಾಯಿಸೋಕೆ ಹೋದೆ ಅಂದರು. ನಿಧಾನ ಇತ್ತು ಅಂದೆ. "ಅಲ್ಲ ಮಾರಾಯ, ಅವರು ಪುಸ್ತಕದಲ್ಲಿ ಐತೆ ಅಂದ್ರಲ್ಲ" ಅಂದರು. ಬೈದಿದ್ದರೆ ವಾಸಿಯಿತ್ತು. ಸಂಜೆಯೊಳಗೆ ಮೋಟಾರ್ ಮತ್ತೆ ಶುರುವಾಯಿತು. ಮಳೆ ಹೇಗೂ ಆ ವಾರ ಬರಲಿಲ್ಲ.

ಅವತ್ತಿನಿಂದ ಅಪ್ಪ ಬೆಳಿಗ್ಗೆ "ಎಷ್ಟೋ?" ಅನ್ನುವುದನ್ನು ನಿಲ್ಲಿಸಿದ. ನಾನು ಗೇಜ್ ನೋಡಿ ಬಂದು, ಅವನ ಮುಂದೆ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದೆ. ಬೇರೆಲ್ಲಾ ಮಾತು ಇತ್ತು. ಕರಿಮೆಣಸು ಒಣಗಿತಾ, ಗದ್ದೆ ಬದುವಿಗೆ ಯಾರು ಬರುತ್ತಾರೆ, ಎಲ್ಲಾ ಕೇಳುತ್ತಿದ್ದ. ಮಳೆ ಮಾತ್ರ ಇಲ್ಲ. ನನಗೆ ವಯಸ್ಸು ಐವತ್ತು ದಾಟಿದೆ, ಆದರೂ ಹೇಳುತ್ತೇನೆ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊಸ ಬ್ರೌಸರ್ ಮೇಲೆ ಸಿಟ್ಟು ಮಾಡೋಣ ಅಂದರೆ ಅದು ಬಲು ಚೆನ್ನಾಗಿ ಓಡುತ್ತಿತ್ತು. ಇವತ್ತಿಗೂ ಅದನ್ನೇ ಬಳಸುತ್ತೇನೆ, ಅದರದ್ದೇನೂ ತಪ್ಪಿಲ್ಲ.

ಕನ್ನಡಕದ ದಿನ ಬಂತು. ಹಾಸನದಿಂದ ವಾಪಸ್ಸು ಬರುವಾಗ ಅಪ್ಪ ದಾರಿಯ ಬೋರ್ಡುಗಳನ್ನೆಲ್ಲಾ ಗಟ್ಟಿಯಾಗಿ ಓದುತ್ತಾ ಬಂದ. ಪಂಕ್ಚರ್ ಹಾಕಲಾಗುವುದು. ನಿಧಾನವಾಗಿ ಚಲಿಸಿ. ಇಲ್ಲಿ ಉತ್ತಮ ಗೊಬ್ಬರ ದೊರೆಯುತ್ತದೆ. ಹೆಂಡತಿ ನಗುತ್ತಿದ್ದಳು, ನನಗೆ ನಗು ಬರಲಿಲ್ಲ. ಮನೆಗೆ ಬಂದು ಕಾಲು ತೊಳೆದವನೇ, "ಪುಸ್ತಕ ತಾ" ಅಂದ.

ತಂದು ಮುಂದಿಟ್ಟೆ. ತಾನು ಬರೆದ ಕೊನೆಯ ಪುಟವನ್ನು ಮೊದಲು ನೋಡಿದ. ಅಕ್ಷರಗಳು ಗೆರೆ ದಾಟಿ ಓಲಾಡುತ್ತಿದ್ದವು. "ಥೂ, ಎಷ್ಟ್ ಕೆಟ್ದಾಗಿ ಬರ್ದಿದೀನಿ" ಅಂದ. ಆಮೇಲೆ ನನ್ನ ಏಳು ದಿನ. ಆಮೇಲೆ ಬಿಳಿ. ಒಂದೊಂದೇ ಪುಟ ಮಗುಚಿದ. ಜೂನ್ ತಿಂಗಳ ಮೇಲೆ ಬೆರಳಿಟ್ಟು, "ಇಲ್ಲಿ ಉಜ್ಜಿದೀಯಾ" ಅಂದ.

"ಹೂಂ."

"ಪೂರ್ತಿ ಬರ್ದಿದ್ಯಾ?"

"ಹತ್ತೊಂಬತ್ತನೇ ತಾರೀಕಿನ ತನಕ."

ಪೆನ್ನು ಕೇಳಿದ. ಕೊಟ್ಟೆ. ನಾಲ್ಕು ಪುಟಕ್ಕೂ ಮೂಲೆಯಿಂದ ಮೂಲೆಗೆ ನಿಧಾನವಾಗಿ ಒಂದೊಂದು ಗೆರೆ ಎಳೆದ. ಮೊದಲನೆಯ ಪುಟದ ಗೆರೆಯ ಮೇಲೆ ಬಾಗಿ, ಒಂದೊಂದೇ ಅಕ್ಷರ ಜೋಡಿಸಿ ಬರೆದ. ನಾನು ಹಿಂದೆ ನಿಂತು ಓದಿದೆ. 'ನಾಲ್ಕು ವರ್ಷ ಮಳೆ ಅಳೆಯಲಿಲ್ಲ. ನನಗೆ ಕಣ್ಣು ಕಾಣುತ್ತಿರಲಿಲ್ಲ.' ಕೆಳಗೆ ಸಹಿ ಹಾಕಿದ.

"ಅಪ್ಪ, ಅಳ್ದಿದೀನಿ ಕಣಪ್ಪ. ಒಂದ್ ದಿನಾನೂ ಬಿಟ್ಟಿಲ್ಲ."

"ಗೊತ್ತು. ದಿನಾ ನಿನ್ ಚಪ್ಪಲಿ ಸದ್ದು ಕೇಳ್ತಿತ್ತು."

"ಮತ್ತೆ ಹಿಂಗ್ಯಾಕ್ ಬರ್ದೆ? ನನ್ ತಪ್ಪು ಅಂತ ಬರಿ."

ಅಪ್ಪ ಪೆನ್ನಿನ ಮುಚ್ಚಳ ಹಾಕಿದ. "ನಾನ್ ಹೋದ್ಮೇಲೂ ಈ ಪುಸ್ತಕ ಇರ್ತದೆ. ಯಾರಾದ್ರೂ ತೆಗೆದು ಓದ್ತಾರೆ. ಮಗ ಮಳೆ ಕಳೆದ ಅಂತ ಓದ್ಬೇಕೇನೋ?"

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋದಳು. ಅಪ್ಪ ಹೊಸ ಪುಟ ತೆಗೆದು ಅವತ್ತಿನ ಚೌಕ ಹುಡುಕಿ, ಅದರ ಮೇಲೆ ಬೆರಳಿಟ್ಟುಕೊಂಡ.

"ಹೋಗು, ಗೇಜ್ ನೋಡ್ಕಂಡ್ ಬಾ."

"ಬಿಸ್ಲು ಐತಲ್ಲಪ್ಪ. ಒಂದ್ ಮೋಡಾನೂ ಇಲ್ಲ."

"ಇರ್ಲಿ. ನೋಡ್ಕಂಡ್ ಬಾ."

ಹೋದೆ. ಆಲಿಕೆ ತೆಗೆದು ಬಾಟಲಿ ಎತ್ತಿ ನೋಡಿದೆ, ಒಣಗಿತ್ತು. ಆದರೂ ಗಾಜಿನ ಅಳತೆಗೆ ಬಗ್ಗಿಸಿ ನೋಡಿ, ಮತ್ತೆ ಒಳಗಿಟ್ಟು, ಬಂದು "ಸೊನ್ನೆ" ಅಂದೆ. ಅಪ್ಪ ಪೆನ್ನು ನನ್ನ ಕಡೆ ತಳ್ಳಿದ. ಕಣ್ಣು ಮಂಜಾಗಿ ನನಗೆ ಚೌಕ ಸರಿಯಾಗಿ ಕಾಣಲಿಲ್ಲ, ಅವನು ಬೆರಳಿಟ್ಟಿದ್ದ ಜಾಗದ ಪಕ್ಕ ಅಂದಾಜಿನಲ್ಲಿ ಸೊನ್ನೆ ಬರೆದೆ. ಅಪ್ಪ ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ಬಗ್ಗಿ, ಅದು ಚೌಕದ ಒಳಗೇ ಇದೆಯಾ ಅಂತ ನೋಡಿದ.